ಮಾರುವವರ ಪತ್ರ ಓದಿ ಕಲಿತದ್ದು

ಇಮೇಲ್ ಬರೆದು ಮಾರುವುದು ಹೇಗೆ ಅಂತ ಕಲಿಸುವವರು ತಮ್ಮ ಕೋರ್ಸನ್ನು ಹೇಗೆ ಮಾರುತ್ತಾರೆ? ಇಮೇಲ್ ಬರೆದೇ ಅಲ್ವಾ. ಹಾಗಾದರೆ ಕೋರ್ಸಿಗೆ ದುಡ್ಡು ಕಟ್ಟುವ ಮೊದಲು ಅವರು ಕಳಿಸುವ ಇಮೇಲ್‌ಗಳನ್ನೇ ಕೂತು ಓದಬಹುದು. ಅದಕ್ಕೆ ಕಾಸು ಖರ್ಚಿಲ್ಲ. ಕೋರ್ಸಿನಲ್ಲಿ ಅವರು ಹೇಳುವುದು ಪಾಠ. ಇಮೇಲ್‌ನಲ್ಲಿ ಅವರು ಮಾಡಿ ತೋರಿಸುವುದು ಕೆಲಸ. ನನಗೆ ಬೇಕಿದ್ದದ್ದು ಕೆಲಸ ನೋಡುವುದು.

ನಮ್ಮದು ಶಿರಸಿ ಕಡೆಯ ಊರು. ನಮ್ಮ ಮನೆಯವರು, ಅಕ್ಕಪಕ್ಕದ ಮೂರ್ನಾಲ್ಕು ಮನೆಯವರು ಸೇರಿ ಅಪ್ಪೆಮಿಡಿ ಉಪ್ಪಿನಕಾಯಿ, ಮುರುಗಲು ಸಿಪ್ಪೆ, ಹಲಸಿನ ಹಪ್ಪಳ ಮಾಡುತ್ತಾರೆ. ಆರ್ಡರ್ ತೆಗೆದುಕೊಳ್ಳುವುದು, ಪ್ಯಾಕ್ ಮಾಡಿ ಕಳಿಸುವುದು ನನ್ನ ಪಾಲಿನ ಕೆಲಸ. ಗಿರಾಕಿಗಳಲ್ಲಿ ಹೆಚ್ಚಿನವರು ಬೆಂಗಳೂರು, ಹುಬ್ಬಳ್ಳಿ, ಮುಂಬೈಗೆ ಹೋಗಿ ನೆಲೆಸಿದ ನಮ್ಮ ಕಡೆಯವರೇ. ವ್ಯವಹಾರ ಎಲ್ಲ ವಾಟ್ಸಾಪ್‌ನಲ್ಲಿ ನಡೆಯುತ್ತಿತ್ತು. ಆದರೆ ವಾಟ್ಸಾಪ್‌ನ ಒಂದು ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರ ಮಿತಿ. ಅದರಲ್ಲೂ ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಸುದ್ದಿ ಮುಟ್ಟುತ್ತದೆ. ಮಿಡಿ ಬಂದಿದೆ ಅಂತ ತಿಳಿಸಿದರೂ ಎಷ್ಟೋ ಜನಕ್ಕೆ ಗೊತ್ತೇ ಆಗುತ್ತಿರಲಿಲ್ಲ. ಎಲ್ಲ ಖಾಲಿಯಾದ ಮೇಲೆ ಫೋನ್ ಬರುತ್ತಿತ್ತು. "ನಂಗೆ ಹೇಳಲೇ ಇಲ್ವಲ್ಲೋ ತಮ್ಮಾ, ಕಾಯ್ತಾ ಇದ್ದೆ." ವರ್ಷಕ್ಕೊಮ್ಮೆ ಸಿಗುವ ವಸ್ತು ಅದು. ಅವರಿಗೂ ಬೇಜಾರು, ನಮಗೂ ಬೇಜಾರು. ಇಮೇಲ್ ಕಡೆ ನಾನು ಹೊರಳಿದ್ದು ಹೀಗೆ.

ಮೊದಲು ಇದಕ್ಕೆ ಅಂತಲೇ ಬೇರೆ ಜಿಮೇಲ್ ಖಾತೆ ತೆರೆದೆ. ಜಿಮೇಲ್‌ನಲ್ಲಿ ಒಂದು ಒಳ್ಳೆಯ ಅನುಕೂಲ ಇದೆ. ವಿಳಾಸದಲ್ಲಿ ನಿಮ್ಮ ಹೆಸರಿನ ಕೊನೆಗೆ, ಆ್ಯಟ್ ಚಿಹ್ನೆಗಿಂತ ಮುಂಚೆ, ಒಂದು ಪ್ಲಸ್ ಹಾಕಿ ಯಾವ ಪದ ಬೇಕಾದರೂ ಸೇರಿಸಬಹುದು. ಮೇಲ್ ಬರುವುದು ನಿಮ್ಮ ಖಾತೆಗೇ. ಒಬ್ಬೊಬ್ಬ ಮಾರ್ಕೆಟರ್‌ಗೆ ಒಂದೊಂದು ಪದ ಇಟ್ಟುಕೊಂಡು ಸಬ್‌ಸ್ಕ್ರೈಬ್ ಮಾಡಿದೆ. ಪ್ರತಿ ಪದಕ್ಕೂ ಒಂದು ಫಿಲ್ಟರ್, ಒಂದು ಲೇಬಲ್. ಒಬ್ಬರ ಪತ್ರಗಳೆಲ್ಲ ಒಂದೇ ಕಡೆ ಸಾಲಾಗಿ ಕೂರುತ್ತವೆ. ಇದರಿಂದ ಇನ್ನೊಂದು ಉಪಯೋಗವೂ ಆಯಿತು. ಒಬ್ಬರಿಗೆ ಮಾತ್ರ ಕೊಟ್ಟಿದ್ದ ವಿಳಾಸಕ್ಕೆ ಕೆಲವು ವಾರಗಳಲ್ಲಿ ಷೇರು ಟಿಪ್ಸ್ ಕೊಡುವ ಯಾರ್‍ಯಾರದೋ ಮೇಲ್ ಬರತೊಡಗಿತು. ವಿಳಾಸ ಎಲ್ಲಿಂದ ಹೊರಗೆ ಹೋಯಿತು ಅಂತ ಆ ಪ್ಲಸ್ ಪದವೇ ಹೇಳಿತು. ಅವರನ್ನು ಅಂದೇ ಬಿಟ್ಟೆ.

ಯಾರ ಪತ್ರ ಓದಬೇಕು ಅನ್ನುವುದು ಮುಖ್ಯ. ನಾನು ಬೇಕಂತಲೇ ಒಬ್ಬರಿಗೊಬ್ಬರು ಹೋಲದವರನ್ನು ಆರಿಸಿದೆ. ಅಮೆರಿಕದ ಸೇತ್ ಗೋಡಿನ್ ದಿನಾ ಬರೆಯುತ್ತಾರೆ. ಕೆಲವು ದಿನ ನಾಲ್ಕೇ ಸಾಲು. ಹೆಚ್ಚಿನ ದಿನ ಏನನ್ನೂ ಮಾರುವುದಿಲ್ಲ. ಆ್ಯನ್ ಹ್ಯಾಂಡ್ಲಿ ಹದಿನೈದು ದಿನಕ್ಕೊಮ್ಮೆ ಭಾನುವಾರ ಬರೆಯುತ್ತಾರೆ, ಉದ್ದಕ್ಕೆ, ಗೆಳತಿಗೆ ಬರೆದ ಹಾಗೆ. ಬೆನ್ ಸೆಟಲ್ ಕೂಡ ದಿನಾ ಬರೆಯುವವರು, ಆದರೆ ಅವರ ಪ್ರತಿ ಪತ್ರದ ಕೊನೆಗೂ ಮಾರಾಟ ಇದ್ದೇ ಇರುತ್ತದೆ. ಹ್ಯಾರಿ ಡ್ರೈ ಒಂದು ಜಾಹೀರಾತನ್ನು ಎತ್ತಿಕೊಂಡು ಅದು ಯಾಕೆ ಕೆಲಸ ಮಾಡುತ್ತದೆ ಅಂತ ಚಿತ್ರ ಇಟ್ಟು ಚುಟುಕಾಗಿ ತೋರಿಸುತ್ತಾರೆ. ಕೆನಡಾದ ಜೊಯಾನಾ ವೀಬ್ ಅವರಿಂದ ನನಗೆ ಸಿಕ್ಕಿದ್ದು ಬೇರೆಯದೇ ಪಾಠ. ಅದನ್ನು ಮುಂದೆ ಹೇಳುತ್ತೇನೆ. ಇವರಲ್ಲದೆ, 'ಇಪ್ಪತ್ತೊಂದು ದಿನದಲ್ಲಿ ಲಕ್ಷ ಗಳಿಸಿ' ಅನ್ನುವ ಜಾತಿಯ ಕೆಲವರನ್ನೂ ಸೇರಿಸಿಕೊಂಡೆ. ಅವರೂ ಬೇಕು. ಗಟ್ಟಿಯಾಗಿ ಒತ್ತಿ ಮಾರುವವರ ಪತ್ರದಲ್ಲಿ ಜೋಡಣೆ ಎದ್ದು ಕಾಣುತ್ತದೆ.

ಓದುವುದಕ್ಕೆ ಒಂದು ನೋಟ್‌ಬುಕ್ ಇಟ್ಟೆ. ಕಂಪ್ಯೂಟರಿನಲ್ಲಿ ಅಲ್ಲ, ಕಾಗದದ್ದೇ. ಎಷ್ಟು ಗಂಟೆಗೆ ಬಂತು. ಕಳಿಸಿದವರ ಜಾಗದಲ್ಲಿ ವ್ಯಕ್ತಿಯ ಹೆಸರಿದೆಯೋ ಕಂಪನಿಯದೋ. ಸಬ್ಜೆಕ್ಟ್ ಸಾಲು ಏನು. ಮೊದಲ ವಾಕ್ಯ ಏನು. ಲಿಂಕ್ ಎಲ್ಲಿದೆ. ನನ್ನಿಂದ ಏನು ಕೇಳುತ್ತಿದ್ದಾರೆ. ಪತ್ರದಲ್ಲಿರುವ ಬುದ್ಧಿಮಾತನ್ನು ಬರೆದುಕೊಳ್ಳುತ್ತಿರಲಿಲ್ಲ. ಅದು ಎಲ್ಲ ಕಡೆ ಸಿಗುತ್ತದೆ. ಒಂದು ಪತ್ರ ಆದ ಮೇಲೆ ಯಾವ ಪತ್ರ, ಎಷ್ಟು ದಿನ ಬಿಟ್ಟು, ಅನ್ನುವುದು ಮಾತ್ರ ಎಲ್ಲೂ ಬರೆದಿರುವುದಿಲ್ಲ. ಅದನ್ನು ನಾವೇ ನೋಡಿ ಹಿಡಿಯಬೇಕು.

ಕೆಲವು ವಾರ ಬರೆಯುವಷ್ಟರಲ್ಲಿ ಪತ್ರಗಳು ಒಂದರ ಹಿಂದೆ ಒಂದು ಬರುವ ಸಾಲು ಕಾಣತೊಡಗಿತು. ಸಬ್‌ಸ್ಕ್ರೈಬ್ ಆದ ಕೂಡಲೇ ಬರುವ ಮೊದಲ ಮೇಲ್‌ನಲ್ಲಿ, ಕೊಡುತ್ತೇವೆ ಅಂದಿದ್ದ ಪಿಡಿಎಫ್ ಇರುತ್ತದೆ. ಜೊತೆಗೆ ಒಂದು ಪ್ರಶ್ನೆ. "ನಿಮಗೆ ಈಗ ಯಾವುದು ಕಷ್ಟ ಆಗ್ತಿದೆ? ಉತ್ತರ ಬರೆಯಿರಿ, ನಾನೇ ಓದುತ್ತೇನೆ." ಎಲ್ಲರೂ ಯಾಕೆ ಇದನ್ನೇ ಕೇಳುತ್ತಾರೆ ಅಂತ ನನಗೆ ಕುತೂಹಲ. ಕಾರಣ ಎರಡು. ನೀವು ಉತ್ತರ ಬರೆದರೆ, ಈ ವಿಳಾಸದವರ ಜೊತೆ ನಿಮಗೆ ಮಾತುಕತೆ ಇದೆ ಅಂತ ಮೇಲ್ ಸೇವೆಗೆ ಗೊತ್ತಾಗುತ್ತದೆ. ಮುಂದಿನ ಪತ್ರ ಸ್ಪ್ಯಾಮ್‌ಗೆ ಬೀಳುವ ಸಾಧ್ಯತೆ ಕಡಿಮೆಯಾಗುತ್ತದೆ. ಎರಡನೆಯದು ಇದಕ್ಕಿಂತ ದೊಡ್ಡದು. ಗಿರಾಕಿ ತನ್ನ ಕಷ್ಟವನ್ನು ತನ್ನದೇ ಮಾತಿನಲ್ಲಿ ಬರೆದುಕೊಡುತ್ತಾನೆ. ನಾಳೆ ಅದೇ ಮಾತು ಸಬ್ಜೆಕ್ಟ್ ಸಾಲಾಗಿ ವಾಪಸ್ ಬರುತ್ತದೆ.

ಮೊದಲ ಮೇಲ್ ಆದ ಮೇಲೆ ಕಥೆ ಶುರು. ಮಾರುವವರು ಒಂದು ಕಾಲದಲ್ಲಿ ಹೇಗೆ ಸೋತು ಕೂತಿದ್ದರು ಅಂತ ಒಂದು ಪತ್ರ. ಅವರಿಗೆ ಏನು ಹೊಳೆಯಿತು ಅನ್ನುವುದನ್ನು ಹೇಳದೆ ಅಲ್ಲಿಗೇ ನಿಲ್ಲಿಸುತ್ತಾರೆ. "ನಾಳೆ ಹೇಳುತ್ತೇನೆ." ಮರುದಿನ ಅದನ್ನು ಹೇಳಿ, ಕೊನೆಯಲ್ಲಿ ಇನ್ನೊಂದನ್ನು ಬಾಕಿ ಇಡುತ್ತಾರೆ. ಈ ಕಸುಬಿನಲ್ಲಿ ಇದಕ್ಕೆ ಸೋಪ್ ಒಪೆರಾ ಸೀಕ್ವೆನ್ಸ್ ಅನ್ನುತ್ತಾರೆ. ಧಾರಾವಾಹಿ ನೋಡುವ ನಮ್ಮ ಮನೆಯವರಿಗೆ ಇದನ್ನು ವಿವರಿಸುವ ಅಗತ್ಯವೇ ಬೀಳಲಿಲ್ಲ. ಆಮೇಲೆ ಶಿಷ್ಯನೊಬ್ಬನ ಗೆಲುವು. ಆಮೇಲೆ ಕೋರ್ಸಿನ ಪರಿಚಯ. ಆಮೇಲೆ ಜನ ಕೇಳುವ ಅನುಮಾನಗಳಿಗೆ ಉತ್ತರ. ಕೊನೆಗೆ ಗಡುವು. ಗಡುವಿನ ದಿನ ಬೆಳಗ್ಗೆ, ಸಂಜೆ, ರಾತ್ರಿ ಒಂದೊಂದು ಮೇಲ್. ಒಬ್ಬರಲ್ಲ, ಮಾರುವವರು ಬೇರೆ ಬೇರೆ, ವಿಷಯ ಬೇರೆ ಬೇರೆ, ಸಾಲು ಹೆಚ್ಚುಕಡಿಮೆ ಇದೇ.

ಇದರ ಬೇರು ಇಮೇಲ್‌ಗಿಂತ ಹಳೆಯದು. ಅಂಚೆಯಲ್ಲಿ ಪತ್ರ ಕಳಿಸಿ ಮಾರುತ್ತಿದ್ದ ಕಾಲದ ಅಮೆರಿಕದವರು ಇದನ್ನೆಲ್ಲ ಕಂಡುಕೊಂಡಿದ್ದರು. ಗ್ಯಾರಿ ಹಾಲ್ಬರ್ಟ್ ಅನ್ನುವವರು, ಜನ ತಮ್ಮ ಅಂಚೆಯನ್ನು ಕಸದ ಬುಟ್ಟಿಯ ಪಕ್ಕ ನಿಂತು ಎರಡು ರಾಶಿ ಮಾಡುತ್ತಾರೆ ಅನ್ನುತ್ತಿದ್ದರು. ಸ್ವಂತದ ಪತ್ರ ಅನಿಸಿದ್ದು ಒಂದು ರಾಶಿ, ಜಾಹೀರಾತು ಅನಿಸಿದ್ದು ಇನ್ನೊಂದು. ನಿಮ್ಮ ಕಾಗದ ಮೊದಲನೇ ರಾಶಿಗೆ ಬೀಳಬೇಕು. ಜೋಸೆಫ್ ಶುಗರ್‌ಮನ್ ಹೇಳಿದ್ದು, ಮೊದಲ ವಾಕ್ಯಕ್ಕೆ ಇರುವುದು ಒಂದೇ ಕೆಲಸ, ಎರಡನೇ ವಾಕ್ಯ ಓದಿಸುವುದು. ಜಿಮೇಲ್ 2013ರಲ್ಲಿ ಪ್ರಮೋಷನ್ಸ್ ಅಂತ ಬೇರೆ ಟ್ಯಾಬ್ ತಂದಾಗ ಹಾಲ್ಬರ್ಟ್ ಹೇಳಿದ ಆ ಎರಡನೇ ರಾಶಿಯನ್ನು ಯಂತ್ರವೇ ಮಾಡತೊಡಗಿತು. ನನ್ನ ಖಾತೆಯಲ್ಲಿ ನೋಡಿದರೆ, ವ್ಯಕ್ತಿಯ ಹೆಸರಿನಿಂದ, ಚಿತ್ರ ಇಲ್ಲದೆ, ಒಂದೇ ಲಿಂಕ್ ಇಟ್ಟು ಬರೆದ ಪತ್ರಗಳು ಹೆಚ್ಚಾಗಿ ಮುಖ್ಯ ಟ್ಯಾಬ್‌ಗೇ ಬರುತ್ತಿದ್ದವು. ಬಣ್ಣಬಣ್ಣದ ಬ್ಯಾನರ್ ಇದ್ದವು ಅತ್ತ ಹೋಗುತ್ತಿದ್ದವು.

ಗಡುವಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನನಗೆ ಅತಿ ಹೆಚ್ಚು ಕಲಿಸಿದ್ದು ಅದೇ.

ಒಬ್ಬರ ಪತ್ರಗಳ ಸರಣಿ ಬಹಳ ಚೆನ್ನಾಗಿತ್ತು. "ನಿನ್ನೆ ಕಾಫಿ ಶಾಪಿನಲ್ಲಿ ಹಳೇ ಶಿಷ್ಯ ಸಿಕ್ಕಿದ್ದ" ಅಂತ ಶುರುವಾಗುವ ಪತ್ರವನ್ನು ಎರಡು ಸಲ ಓದಿದ್ದೆ. ಕೊನೆಗೆ, ಇವತ್ತು ರಾತ್ರಿ ಹನ್ನೆರಡಕ್ಕೆ ಬಾಗಿಲು ಮುಚ್ಚುತ್ತದೆ ಅಂತ ಇಳಿಯುತ್ತಾ ಬರುವ ಗಡಿಯಾರ. ಕೊಳ್ಳಲಿಲ್ಲ. ಒಂದು ತಿಂಗಳು ಬಿಟ್ಟು, ಬೇರೆ ಪ್ಲಸ್ ಪದ ಹಾಕಿ ಅವರಿಗೇ ಮತ್ತೆ ಸಬ್‌ಸ್ಕ್ರೈಬ್ ಆದೆ. ಅದೇ ಮೊದಲ ಪತ್ರ. ಅದೇ ಮೂರನೇ ದಿನ, ನಿನ್ನೆ ಕಾಫಿ ಶಾಪಿನಲ್ಲಿ ಅದೇ ಶಿಷ್ಯ ಮತ್ತೆ ಸಿಕ್ಕಿದ್ದ. ಕೊನೆಗೆ ಅದೇ ಗಡಿಯಾರ, ಹೊಸದಾಗಿ ಓಡುತ್ತಿತ್ತು. ನಾವು ಯಾವಾಗ ಸೇರುತ್ತೇವೋ ಅಲ್ಲಿಂದ ಎಣಿಸಿ ಪ್ರತಿಯೊಬ್ಬರಿಗೂ ಅವರದ್ದೇ ಗಡುವು ಹುಟ್ಟಿಸುವ ಸಾಫ್ಟ್‌ವೇರ್ ಇದೆ. ಬಾಗಿಲು ಮುಚ್ಚುವುದೇ ಇಲ್ಲ.

ಪತ್ರಗಳನ್ನು ಒಮ್ಮೆ ಬರೆದಿಟ್ಟು ತಾನಾಗಿ ಹೋಗುವ ಹಾಗೆ ಮಾಡುವುದರಲ್ಲಿ ತಪ್ಪೇನೂ ಇಲ್ಲ. ನಾವೂ ಈಗ ಹಾಗೇ ಮಾಡುತ್ತೇವೆ. ಆದರೆ 'ನಿನ್ನೆ' ಅಂತ ಸುಳ್ಳು ಬರೆಯುವುದು, ಮುಗಿಯದೇ ಇರುವುದನ್ನು ಮುಗಿಯುತ್ತದೆ ಅನ್ನುವುದು ಬೇರೆ ಮಾತು. ಓದುವವರು ನಂಬಿ, ರಾತ್ರಿ ಹನ್ನೊಂದೂವರೆಗೆ ಗಾಬರಿಯಲ್ಲಿ ಕಾರ್ಡ್ ನಂಬರ್ ಹಾಕುತ್ತಾರೆ. ಅದು ನನಗೆ ಸರಿ ಕಾಣಲಿಲ್ಲ. ಈಗಲೂ ಕಾಣುವುದಿಲ್ಲ.

ಅದೇ ಹೊತ್ತಿಗೆ ನಮ್ಮ ಅಪ್ಪೆಮಿಡಿ ನೆನಪಾಯಿತು. ಅಘನಾಶಿನಿ, ಶರಾವತಿ, ವರದಾ ಹೊಳೆಗಳ ದಂಡೆಯ ಮರಗಳಲ್ಲಿ ಮಿಡಿ ಸಿಗುವುದು ಫೆಬ್ರವರಿಯಿಂದ ಕೆಲವು ವಾರ ಅಷ್ಟೆ. ಮಿಡಿ ಬಲಿತು ಗೊರಟು ಗಟ್ಟಿಯಾದರೆ ಉಪ್ಪಿನಕಾಯಿಗೆ ಬರುವುದಿಲ್ಲ. ತೊಟ್ಟು ಸಮೇತ ಕೊಯ್ಯಬೇಕು, ಸೊನೆ ಹೋಗಬಾರದು, ಪೆಟ್ಟು ಬೀಳಬಾರದು. ಉಪ್ಪಿನಲ್ಲಿ ಹಾಕಿಟ್ಟು ಅದು ಚಿರುಟುವವರೆಗೆ ಕಾಯಬೇಕು. ಆ ವರ್ಷ ಎಷ್ಟು ಭರಣಿ ತುಂಬಿತೋ ಅಷ್ಟೇ. ಅಮೆರಿಕದವರು ಗಡಿಯಾರ ಇಟ್ಟು ಹುಟ್ಟಿಸುವ ಗಡುವು ನಮಗೆ ಮರದಲ್ಲೇ ಇದೆ. ಅದನ್ನು ನಾವು ಜನಕ್ಕೆ ಸರಿಯಾಗಿ ಹೇಳುತ್ತಲೇ ಇರಲಿಲ್ಲ. ಸುಮ್ನೆ 'ಮಿಡಿ ಉಪ್ಪಿನಕಾಯಿ ಲಭ್ಯ' ಅಂತ ಒಂದು ಫೋಟೋ ಕಳಿಸುತ್ತಿದ್ದೆವು.

ಪತ್ರ ಓದುವುದರ ಜೊತೆಗೆ ಅದರ ಹಿಂಬದಿಯನ್ನೂ ನೋಡತೊಡಗಿದೆ. ಜಿಮೇಲ್‌ನಲ್ಲಿ ಮೇಲ್ ತೆರೆದು ಮೂರು ಚುಕ್ಕಿ ಒತ್ತಿದರೆ 'ಶೋ ಒರಿಜಿನಲ್' ಅಂತ ಸಿಗುತ್ತದೆ. ಅಲ್ಲಿ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಅಂತ ಮೂರು ಪರೀಕ್ಷೆಗಳ ಫಲಿತಾಂಶ ಕಾಣುತ್ತದೆ. ಈ ಮೇಲ್ ನಿಜವಾಗಿ ಆ ವಿಳಾಸದವರೇ ಕಳಿಸಿದ್ದಾ ಅಂತ ನೋಡುವ ಪರೀಕ್ಷೆಗಳು ಅವು. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಇದನ್ನು ಬಿಗಿ ಮಾಡಿವೆ. ಜಿಮೇಲ್‌ಗೆ ದಿನಕ್ಕೆ 5000ಕ್ಕಿಂತ ಜಾಸ್ತಿ ಕಳಿಸುವವರಿಗೆ ಈ ಮೂರೂ ಬೇಕು, ಒಂದೇ ಒತ್ತಿಗೆ ಅನ್‌ಸಬ್‌ಸ್ಕ್ರೈಬ್ ಆಗಬೇಕು, ಸ್ಪ್ಯಾಮ್ ಅಂತ ದೂರುವವರು ಶೇಕಡಾ 0.3ರ ಒಳಗಿರಬೇಕು. ನಮ್ಮದು ಅಷ್ಟು ದೊಡ್ಡ ಪಟ್ಟಿ ಅಲ್ಲ. ಆದರೂ ಮನೆಯ ಜಿಮೇಲ್ ವಿಳಾಸ ಇಟ್ಟುಕೊಂಡು, ಒಟ್ಟಿಗೆ ಹಲವರಿಗೆ ಮೇಲ್ ಕಳಿಸಿಕೊಡುವ ಮೇಲಿಂಗ್ ಸೇವೆಯ ಮೂಲಕ ಕಳಿಸಿದರೆ ಸ್ಪ್ಯಾಮ್‌ಗೆ ಬೀಳುವ ಅಪಾಯ ಇದೆ ಅಂತ ಇದರಿಂದ ತಿಳಿಯಿತು. ನಮ್ಮದೇ ಹೆಸರಿನ ಡೊಮೈನ್ (ಇಂಟರ್ನೆಟ್ ವಿಳಾಸ) ಕೊಂಡು, ಆ ಮೂರು ಪರೀಕ್ಷೆಗಳಿಗೆ ಬೇಕಾದ ದಾಖಲೆಗಳನ್ನು ಅದಕ್ಕೆ ಸೇರಿಸಿಯೇ ಶುರು ಮಾಡಿದೆ. ಮಧ್ಯಾಹ್ನದೊಳಗೆ ಮುಗಿಯುವ ಕೆಲಸ ಅದು.

ಅಮೆರಿಕದ ಪ್ರತಿ ಮೇಲ್‌ನ ಕೆಳಗೂ ಒಂದು ಅಂಚೆ ವಿಳಾಸ ಇರುತ್ತದೆ. ಯಾಕೆ ಅಂದರೆ ಅಲ್ಲಿನ 2003ರ ಕ್ಯಾನ್-ಸ್ಪ್ಯಾಮ್ ಕಾನೂನು ಅದನ್ನು ಕೇಳುತ್ತದೆ. ಬೇಡ ಅಂದವರನ್ನು ಹತ್ತು ಕೆಲಸದ ದಿನಗಳೊಳಗೆ ಬಿಡಬೇಕು ಅಂತಲೂ ಹೇಳುತ್ತದೆ. ಆದರೆ ಕಳಿಸುವ ಮೊದಲು ಒಪ್ಪಿಗೆ ಬೇಕು ಅಂತ ಆ ಕಾನೂನು ಹೇಳುವುದಿಲ್ಲ. ಯುರೋಪಿನವರು ಇದರಲ್ಲಿ ಕಟ್ಟುನಿಟ್ಟು. ನಮ್ಮಲ್ಲೂ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂದಿದೆ. ಅದರಲ್ಲಿ ಒಪ್ಪಿಗೆಗೆ ದೊಡ್ಡ ಜಾಗ ಇದೆ. ಕಾಯ್ದೆ ಇರಲಿ ಬಿಡಲಿ, ಉಪ್ಪಿನಕಾಯಿ ಕೊಂಡವರ ವಿಳಾಸ ನಮ್ಮ ಹತ್ತಿರ ಇದೆ ಅಂದ ಮಾತ್ರಕ್ಕೆ ಅವರಿಗೆ ಪತ್ರ ಬರೆಯುವ ಹಕ್ಕು ಬರುವುದಿಲ್ಲ. ಒಬ್ಬೊಬ್ಬರನ್ನೂ ಕೇಳಿದೆ. ಪ್ಯಾಕೆಟ್ಟಿನೊಳಗೆ ಒಂದು ಚೀಟಿ ಹಾಕಿ, ಮಿಡಿ ಬಂದಾಗ ತಿಳಿಸಬೇಕಾ ಅಂತ ಕೇಳಿದ್ದು ಎಲ್ಲಕ್ಕಿಂತ ಚೆನ್ನಾಗಿ ನಡೆಯಿತು. ನಮ್ಮ ಪಟ್ಟಿ ಬೆಳೆದದ್ದು ಆ ಚೀಟಿಯಿಂದಲೇ.

ಎಷ್ಟು ಜನ ಮೇಲ್ ತೆರೆದರು ಅನ್ನುವ ಲೆಕ್ಕವನ್ನು ಈಗ ಜಾಸ್ತಿ ನಂಬುವ ಹಾಗಿಲ್ಲ. ಕಣ್ಣಿಗೆ ಕಾಣದ ಪುಟ್ಟ ಚಿತ್ರವೊಂದನ್ನು ಮೇಲ್‌ನಲ್ಲಿ ಇಟ್ಟು, ಅದು ಲೋಡ್ ಆದರೆ ತೆರೆದರು ಅಂತ ಎಣಿಸುತ್ತಾರೆ. ಆ್ಯಪಲ್ 2021ರಲ್ಲಿ ತನ್ನ ಮೇಲ್ ಆ್ಯಪಿನಲ್ಲಿ ಓದುವವರ ಗುಟ್ಟು ಕಾಯುವ ವ್ಯವಸ್ಥೆ ತಂದ ಮೇಲೆ, ಅದನ್ನು ಆನ್ ಮಾಡಿಕೊಂಡವರ ಚಿತ್ರಗಳನ್ನು ಆ್ಯಪಲ್ಲೇ ಮೊದಲು ಇಳಿಸಿಕೊಳ್ಳುತ್ತದೆ. ತೆರೆಯದಿದ್ದರೂ ತೆರೆದ ಹಾಗೆ ಲೆಕ್ಕ ಬರುತ್ತದೆ. ಅನುಭವಿ ಮಾರ್ಕೆಟರ್‌ಗಳು ಹಾಗಾಗಿ ಕ್ಲಿಕ್ಕನ್ನೂ ಉತ್ತರವನ್ನೂ ನೋಡುತ್ತಾರೆ. ಇದನ್ನು ಕಣ್ಣಾರೆ ನೋಡಲು ಒಂದು ಖಾತೆಯಲ್ಲಿ ಲಿಂಕ್ ಒತ್ತುತ್ತಾ ಹೋದೆ, ಇನ್ನೊಂದರಲ್ಲಿ ಏನೂ ಒತ್ತದೆ ಬಿಟ್ಟೆ. ಒತ್ತಿದ ಖಾತೆಗೆ ಬೆಲೆ, ಅನುಮಾನ, ಗಡುವಿನ ಪತ್ರಗಳು ಬಂದವು. ಒತ್ತದ ಖಾತೆಗೆ ಕಥೆಗಳೇ ಮುಂದುವರಿದವು. ಕೊನೆಗೆ "ಇನ್ನೂ ನಮ್ಮ ಪತ್ರ ಬೇಕಾ?" ಅಂತ ಒಂದು ಮೇಲ್ ಬಂದು ನಿಂತುಹೋಯಿತು. ಬೇಡದವರನ್ನು ತಾವಾಗಿಯೇ ಬಿಡುವ ಈ ಪದ್ಧತಿ ನನಗೆ ಬಹಳ ಹಿಡಿಸಿತು. ಸುಮ್ಮನಿರುವವರಿಗೆ ಕಳಿಸುತ್ತಲೇ ಇದ್ದರೆ ಓದುವವರಿಗೂ ತಲುಪುವುದು ಕಷ್ಟ ಆಗುತ್ತದೆ.

ಇನ್ನು ಜೊಯಾನಾ ವೀಬ್ ಅವರಿಂದ ಕಲಿತದ್ದು. ಒಳ್ಳೆಯ ಸಾಲನ್ನು ನೀವು ಕೂತು ಹುಟ್ಟಿಸಬೇಡಿ, ಗಿರಾಕಿಗಳು ಆಗಲೇ ಹೇಳಿರುತ್ತಾರೆ, ಹುಡುಕಿ ಅನ್ನುವುದು ಅವರ ದಾರಿ. ಹಳೆಯ ವಾಟ್ಸಾಪ್ ಸಂದೇಶಗಳನ್ನೆಲ್ಲ ಕೂತು ಓದಿ, ಜನ ಬರೆದಿದ್ದನ್ನು ನೋಟ್‌ಬುಕ್ಕಿಗೆ ಇಳಿಸಿದೆ. 'ರುಚಿಕರ', 'ಶುದ್ಧ', 'ಸಾಂಪ್ರದಾಯಿಕ' ಅಂತ ಒಬ್ಬರೂ ಬರೆದಿರಲಿಲ್ಲ. ನಮ್ಮ ಲೇಬಲ್ ಮೇಲೆ ಇದ್ದದ್ದು ಮಾತ್ರ ಅವೇ ಪದಗಳು. ಜನ ಬರೆದದ್ದು ಹೀಗೆ. "ಮುಚ್ಚಳ ತೆಗೆದ ಕೂಡ್ಲೆ ಅಜ್ಜನಮನೆ ಅಟ್ಟ ನೆನಪಾಯ್ತು." "ಮೊಸರನ್ನಕ್ಕೆ ಒಂದು ಮಿಡಿ ಸಾಕು, ರಸ ಮಗನಿಗೆ." "ಅನಂತ ಭಟ್ಟನ ಅಪ್ಪೆ ಇದ್ರೆ ಮಾತ್ರ ಹೇಳಿ." (ಅದು ಅಪ್ಪೆಮಿಡಿಯ ಒಂದು ತಳಿ.) ಇದಕ್ಕಿಂತ ಚೆನ್ನಾಗಿ ನಾನು ಏನು ಬರೆಯಲಿ? ಅವರ ಅನುಮತಿ ಕೇಳಿ, ಹೆಸರು ಹಾಕದೆ, ಆ ಮಾತುಗಳನ್ನೇ ಪತ್ರದಲ್ಲಿ ಬಳಸಿದೆ.

ನಮ್ಮ ಸಾಲಿನಲ್ಲಿ ಈಗ ಕೆಲವೇ ಪತ್ರಗಳಿವೆ. ಹೊಸದಾಗಿ ಸೇರಿದವರಿಗೆ ಮೊದಲು ಹೋಗುವುದು ಉಪ್ಪಿನಕಾಯಿ ಕೆಡದ ಹಾಗೆ ಇಟ್ಟುಕೊಳ್ಳುವ ಪತ್ರ. ಒದ್ದೆ ಚಮಚ ಹಾಕಬೇಡಿ, ಮಿಡಿ ರಸದಲ್ಲಿ ಮುಳುಗಿರಲಿ, ಗಾಜಿನ ಭರಣಿಗೆ ಬದಲಿಸಿ, ಇಂಥ ಮಾತುಗಳು. ಕೊನೆಗೆ ಒಂದು ಪ್ರಶ್ನೆ. ನಿಮ್ಮ ಮನೆಯಲ್ಲಿ ಮಿಡಿ ಹಾಕುತ್ತಿದ್ದವರು ಯಾರು? ಈ ಪ್ರಶ್ನೆಗೆ ಬಂದಷ್ಟು ಉತ್ತರ ನಮಗೆ ಇನ್ಯಾವುದಕ್ಕೂ ಬಂದಿಲ್ಲ. ಉದ್ದುದ್ದ ಉತ್ತರಗಳು. ದೊಡ್ಡಮ್ಮ ಅವನ್ನು ನನ್ನಿಂದ ಓದಿಸಿಕೊಂಡು ಕೇಳುತ್ತಾರೆ. ಕೆಲವರ ಮನೆತನದ ಗುರುತೂ ಹೇಳುತ್ತಾರೆ.

ಎಲ್ಲವನ್ನೂ ಆ ಅಮೆರಿಕದ ಮಾರ್ಕೆಟರ್‌ಗಳಿಂದ ಹಾಗೇ ತರಲಿಲ್ಲ. ವೇಳೆಯನ್ನು ಅಂತೂ ತರುವ ಹಾಗೇ ಇಲ್ಲ. ಅವರ ಪತ್ರಗಳು ನನಗೆ ಸಂಜೆ ಏಳೂವರೆಗೆ ಬರುತ್ತಿದ್ದವು, ನವೆಂಬರ್‌ನಲ್ಲಿ ಅಲ್ಲಿ ಗಡಿಯಾರ ಹಿಂದಿಟ್ಟ ಮೇಲೆ ಎಂಟೂವರೆಗೆ. ಅಂದರೆ ನ್ಯೂಯಾರ್ಕಿನಲ್ಲಿ ಬೆಳಗಿನ ಹತ್ತು. ನಮ್ಮವರಿಗೆ ನಾವು ಭಾನುವಾರ ಬೆಳಗ್ಗೆ ತಿಂಡಿಯ ಹೊತ್ತಿಗೆ ಕಳಿಸುತ್ತೇವೆ. ದಿನಾ ಬರೆಯುವುದೂ ನಮಗೆ ಬೇಡ. ಹೇಳಲು ಇದ್ದಾಗ ಬರೆದರೆ ಸಾಕು.

ಕನ್ನಡದಲ್ಲಿ ಬರೆಯುವವರಿಗೆ ಒಂದು ವಿಷಯ. 102 ಕಿಲೋಬೈಟ್‌ಗಿಂತ ದೊಡ್ಡ ಮೇಲನ್ನು ಜಿಮೇಲ್ ಮಧ್ಯಕ್ಕೇ ಕತ್ತರಿಸಿ ತೋರಿಸುತ್ತದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದಲ್ಲಿ ಒತ್ತು, ಗುಣಿತದ ಚಿಹ್ನೆ ಸೇರಿ ಒಂದೊಂದಕ್ಕೂ ಮೂರು ಬೈಟ್ ಬೇಕು. ಮೇಲಿಂಗ್ ಸೇವೆಗಳು ಕೊಡುವ ಬಣ್ಣದ ನಮೂನೆಗಳು ತಮ್ಮದೇ ಭಾರ ಹೊತ್ತಿರುತ್ತವೆ. ಎರಡೂ ಸೇರಿದರೆ ಪತ್ರದ ಬಾಲ ಕಾಣೆಯಾಗುತ್ತದೆ. ಅನ್‌ಸಬ್‌ಸ್ಕ್ರೈಬ್ ಲಿಂಕ್ ಇರುವುದೂ ಆ ಬಾಲದಲ್ಲೇ. ಹಾಗಾಗಿ ನಮೂನೆ ಬಿಟ್ಟು ಬರೀ ಅಕ್ಷರದಲ್ಲಿ ಬರೆಯುತ್ತೇನೆ. ಸಬ್ಜೆಕ್ಟ್ ಸಾಲಿನಲ್ಲೂ ಕನ್ನಡದ ಪದಗಳು ಅಗಲ ಹಿಡಿಯುತ್ತವೆ. ಫೋನಿನಲ್ಲಿ ಬೇಗ ಮರೆಯಾಗುತ್ತವೆ. ಮುಖ್ಯ ಪದ ಮೊದಲು ಬರಬೇಕು. 'ಮಿಡಿ ಕೊಯ್ಲು ಶುರುವಾಯ್ತು' ಅನ್ನುವುದಕ್ಕಿಂತ ಉದ್ದ ನಾನು ಹೋಗುವುದಿಲ್ಲ.

ಆ ಪತ್ರಕ್ಕೆ ಗಡಿಯಾರ ಹಾಕಲಿಲ್ಲ. ಎಷ್ಟು ಭರಣಿ ತುಂಬಿದೆ ಅಂತ ಬರೆದೆ. ಅರ್ಧ ಖಾಲಿಯಾದಾಗ ಇನ್ನೊಂದು ಪತ್ರ, ಎಷ್ಟು ಉಳಿದಿದೆ ಅಂತ. ಪೂರ್ತಿ ಖಾಲಿಯಾದ ದಿನ 'ಈ ವರ್ಷದ್ದು ಮುಗಿಯಿತು' ಅಂತ ಮೂರು ಸಾಲು ಬರೆದು, ಆರ್ಡರ್ ಲಿಂಕ್ ತೆಗೆದೆ. ಮುಗಿಯಿತು ಅಂದ ಪತ್ರಕ್ಕೂ ಉತ್ತರ ಬಂತು. ಮುಂದಿನ ವರ್ಷಕ್ಕೆ ಈಗಲೇ ಹೆಸರು ಬರೆದಿಡಿ ಅಂತ. ಬರೆದಿಟ್ಟಿದ್ದೇನೆ. ಈ ಸಲ ಮಿಡಿ ಬಂದಾಗ ಮೊದಲ ಪತ್ರ ಆ ಹೆಸರುಗಳಿಗೆ ಹೋಗುತ್ತದೆ, ಉಳಿದವರಿಗೆ ಎರಡು ದಿನ ಬಿಟ್ಟು.